ಮಹಾಸಭೆ ಮುಗಿದ ಮೇಲೆ ನಮ್ಮ ಪರವಾಗಿ ಮಾತಾಡುವವರು ಯಾರು?

ತೀರ್ಥಹಳ್ಳಿ ಕಡೆಯ ಓದುಗರೊಬ್ಬರು ಕೇಳಿದ್ದಾರೆ: ‘ಯುನೆಸ್ಕೊದ ವಿಶ್ವ ಪರಂಪರೆ ಒಪ್ಪಂದಕ್ಕೆ 190ಕ್ಕೂ ಹೆಚ್ಚು ದೇಶಗಳು ಸೇರಿವೆಯಂತೆ. ನಮ್ಮ ಆಗುಂಬೆ ಕಾಡಿನ ವಿಷಯವನ್ನು ತೀರ್ಮಾನಿಸಿದ್ದು ಮಾತ್ರ 21 ದೇಶಗಳು. ಉಳಿದವರ ಮಾತಿಗೆ ಬೆಲೆ ಇಲ್ಲವೇ?’

ಬೆಲೆ ಇದೆ, ಆದರೆ ಸಾಲದು.

ಅಡಿಕೆ ಸೊಸೈಟಿಯ ಸರ್ವಸದಸ್ಯರ ಸಭೆಗೆ ಹೋದವರಿಗೆ ಈ ಏರ್ಪಾಡು ಹೊಸದಲ್ಲ. ಬಾಗಿಲಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿ, ವಾರ್ಷಿಕ ವರದಿ ಕೈಗೆತ್ತಿಕೊಂಡು ಒಳಗೆ ಕೂರುತ್ತೇವೆ. ಜಮಾ-ಖರ್ಚು ಓದುತ್ತಾರೆ, ಒಂದಿಬ್ಬರು ಎದ್ದು ಪ್ರಶ್ನೆ ಕೇಳುತ್ತಾರೆ, ಊಟ ಮುಗಿಸಿ ಬಸ್ ಹಿಡಿಯುತ್ತೇವೆ. ಮುಂದಿನ ಸಭೆಯವರೆಗೆ ಕಾರುಬಾರೆಲ್ಲ ಆಡಳಿತ ಮಂಡಳಿಯದು. ನಮ್ಮ ಕಡೆಯ ನಿರ್ದೇಶಕರು ಅಲ್ಲಿದ್ದರೆ ವಿಷಯ ಮನೆಗೆ ಮುಟ್ಟುತ್ತದೆ, ಇಲ್ಲದಿದ್ದರೆ ಇಲ್ಲ.

1972ರ ವಿಶ್ವ ಪರಂಪರೆ ಒಪ್ಪಂದದಲ್ಲೂ ಹೀಗೆಯೇ. ಎಲ್ಲ ಸದಸ್ಯ ದೇಶಗಳ ಮಹಾಸಭೆ ಸೇರುವುದು ಎರಡು ವರ್ಷಕ್ಕೊಮ್ಮೆ. ಅದು ಆರಿಸಿದ 21 ದೇಶಗಳ ಸಮಿತಿ ಪ್ರತಿ ವರ್ಷ ಕೂತು, ಯಾವ ತಾಣ ಪಟ್ಟಿಗೆ ಸೇರಬೇಕು, ಯಾವುದು ಅಪಾಯದಲ್ಲಿದೆ ಎಂದು ನಿರ್ಧರಿಸುತ್ತದೆ. ಜಗತ್ತಿನ ಬೇರೆ ಬೇರೆ ಪ್ರದೇಶ, ಸಂಸ್ಕೃತಿಗಳಿಗೆ ಅದರಲ್ಲಿ ನ್ಯಾಯವಾದ ಪಾಲು ಸಿಗಬೇಕೆಂದು ಒಪ್ಪಂದವೇ ಹೇಳುತ್ತದೆ.

ಬಲಿಷ್ಠ ದೇಶಗಳೇ ಕುರ್ಚಿ ಹಿಡಿದು ಕೂರಬಾರದೆಂದು ಕೆಲವು ಕಟ್ಟುಪಾಡುಗಳು ಬಂದಿವೆ. ಸದಸ್ಯತ್ವದ ಅವಧಿ ಆರು ವರ್ಷವಾದರೂ ನಾಲ್ಕಕ್ಕೇ ಬಿಟ್ಟುಕೊಡಿ ಎಂದು ಮಹಾಸಭೆ ಕೋರುತ್ತದೆ. ಭಾರತ 2011ರಿಂದ 2015ರವರೆಗೆ ಸಮಿತಿಯಲ್ಲಿತ್ತು, ಆರು ವರ್ಷ ಹೊರಗಿದ್ದು 2021ರಲ್ಲಿ ಮತ್ತೆ ಆಯ್ಕೆಯಾಯಿತು. ಪ್ರಾದೇಶಿಕ ಗುಂಪುಗಳಿಗೆ ಇಂತಿಷ್ಟು ಸ್ಥಾನ ಎಂಬ ಹಂಚಿಕೆಯೂ ಇದೆ. ಹೊರಗಿರುವ ದೇಶ ವೀಕ್ಷಕನಾಗಿ ಬಂದು ಕೂರಬಹುದು, ಮತ ಹಾಕುವಂತಿಲ್ಲ. ಸಮಿತಿಯಲ್ಲಿರಲಿ, ಇಲ್ಲದಿರಲಿ, ಯಾವ ದೇಶವೂ ತನ್ನ ತಾಣದ ಪರ ವಕಾಲತ್ತು ಮಾಡಬಾರದು, ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ಒಳ್ಳೆಯ ನಿಯಮ. ಆದರೂ ಒಳಗೆ ಕೂತವರಿಗೆ ಪಕ್ಕದ ಕುರ್ಚಿಯವರ ಬೆಂಬಲ ಕೇಳುವುದು ಸುಲಭ.

2012ರಲ್ಲಿ ಆದದ್ದನ್ನು ನೋಡಿ. ಪಶ್ಚಿಮ ಘಟ್ಟದ 39 ತಾಣಗಳ ಕಡತ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಸಮಿತಿಯ ಮುಂದೆ ಬಂತು. ಆಗುಂಬೆ, ಸೋಮೇಶ್ವರ, ಕುದುರೆಮುಖ ಸೇರಿ ಹತ್ತು ಕರ್ನಾಟಕದವು. ಸಮಿತಿಗೆ ಪರಿಣತ ಸಲಹೆ ಕೊಡುವ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ, ಈಗಲೇ ಬೇಡ, ಸ್ಥಳೀಯರೊಂದಿಗೆ ಇನ್ನಷ್ಟು ಸಮಾಲೋಚನೆ ಆಗಲಿ ಎಂದಿತ್ತು. ಸಮಿತಿ ಆ ಸಲಹೆಯನ್ನು ಬದಿಗಿಟ್ಟು ತಾಣಗಳನ್ನು ಪಟ್ಟಿಗೆ ಸೇರಿಸಿತು. ಈ ಕಾಡುಗಳಿಗೆ ಆ ಗೌರವ ಸಲ್ಲಲೇಬೇಕಿತ್ತು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಆ ಸಮಾಲೋಚನೆ ಮೊದಲೇ ನಡೆದಿದ್ದರೆ, ‘ನಮ್ಮನ್ನು ಒಕ್ಕಲೆಬ್ಬಿಸುತ್ತಾರೆ’ ಎಂಬ ಭಯ ಮಲೆನಾಡಿನಲ್ಲಿ ಇಷ್ಟು ಆಳಕ್ಕೆ ಬೇರುಬಿಡುತ್ತಿರಲಿಲ್ಲ.

ಹಾಗಾಗಿ 21 ಇದ್ದದ್ದು 30 ಆದರೆ ಸಾಕು ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಸಭೆಗೆ ಆರು ವಾರ ಮೊದಲೇ ಕಡತಗಳು ಹೊರಬರಬೇಕೆಂಬ ನಿಯಮ ಇದೆ. ಸಭೆಗಳ ನಡುವೆ ಸದಸ್ಯರ ದನಿಗೆ ಬಲ ಬರುವುದು ಆ ಆರು ವಾರಗಳಲ್ಲಿ. ಕರಡು ನಿರ್ಣಯವನ್ನು ಓದಿದವರು ತಿದ್ದುಪಡಿ ಕೇಳಬಹುದು, ಸಮಿತಿಯಲ್ಲಿರುವ ತಮ್ಮ ಗುಂಪಿನ ದೇಶದ ಮೂಲಕ ಮಾತು ಮುಟ್ಟಿಸಬಹುದು. ಓದದೆ ಹೋದವರು ವೀಕ್ಷಕರ ಸಾಲಿನಲ್ಲಿ ಕೂತು ಬರುತ್ತಾರೆ.

ದೇಶಕ್ಕಿಂತ ಕೆಳಗಿನವರ ಪಾಡೇನು? 2018ರಲ್ಲಿ ಮೂಲನಿವಾಸಿಗಳು ತಮ್ಮದೇ ಅಂತರರಾಷ್ಟ್ರೀಯ ವೇದಿಕೆ ಕಟ್ಟಿಕೊಂಡು ಸಮಿತಿಯ ಸಭೆಗಳಲ್ಲಿ ಮಾತಾಡತೊಡಗಿದ್ದಾರೆ. ಕುದುರೆಮುಖದ ಮಲೆಕುಡಿಯರಿಗೆ ಇದು ದೂರದ ಸುದ್ದಿಯಾಗಿ ಉಳಿಯಬಾರದು. ಸಮಿತಿಯ ಕಡತಗಳು ಇಂಗ್ಲಿಷ್ ಮತ್ತು ಫ್ರೆಂಚ್‌ನಲ್ಲಿರುತ್ತವೆ. ನಮ್ಮ ತಾಣಗಳ ಬಗ್ಗೆ ಕರಡು ಬಂದ ವರ್ಷ, ಅದರ ನಾಲ್ಕು ಪುಟ ಕನ್ನಡಕ್ಕೆ ಬಂದು ಆಗುಂಬೆಯ ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸಿಕೊಳ್ಳಲಿ. ಜನ ಹೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗಿ, ಆರು ವಾರ ಮುಗಿಯುವುದರೊಳಗೆ ದೆಹಲಿಗೆ ತಲುಪಲಿ.