ಅರಿವು ತಪ್ಪಿಸುವ ಅಣುವಿನ ಎಡಗೈ, ಬಲಗೈ

ಐಸೋಫ್ಲುರೇನ್ ಉಸಿರಿನ ಮೂಲಕ ಕೊಡುವ ಅರಿವಳಿಕೆ ಔಷಧ. ಅದರ ಅಣುವಿನ ಒಂದೇ ಒಂದು ಇಂಗಾಲವನ್ನು ಹತ್ತಿರದಿಂದ ನೋಡೋಣ. ಅದಕ್ಕೆ ನಾಲ್ಕು ಕಡೆ ನಾಲ್ಕು ಬೇರೆ ಬೇರೆ ನಂಟು: ಒಂದು ಹೈಡ್ರೋಜನ್, ಒಂದು ಕ್ಲೋರಿನ್, ಮೂರು ಫ್ಲೋರಿನ್ ಹೊತ್ತ ಮತ್ತೊಂದು ಇಂಗಾಲ, ಮತ್ತೆ ಆಮ್ಲಜನಕದ ಕೊಂಡಿ. ನಾಲ್ಕೂ ಬೇರೆಯಾದಾಗ ಜೋಡಣೆಗೆ ಎರಡು ದಾರಿ. ಒಂದು ಇನ್ನೊಂದರ ಕನ್ನಡಿ ಬಿಂಬ. ಎಡಗೈ ಬಲಗೈಗಳ ಹಾಗೆ ಎಷ್ಟು ತಿರುಗಿಸಿದರೂ ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ. ಇವೆರಡರ ಕುದಿಯುವ ಬಿಂದು ಒಂದೇ, ಎಣ್ಣೆಯಲ್ಲಿ ಕರಗುವ ಪ್ರಮಾಣವೂ ಒಂದೇ. ಔಷಧವನ್ನು ಆವಿಯಾಗಿಸುವ ವೇಪರೈಸರಿಗೆ ಸುರಿಯುವ ದ್ರವದಲ್ಲಿ ಎರಡೂ ಸಮಪಾಲು. ಈ ಎರಡು ರೂಪಗಳಿಗೆ ಆರ್, ಎಸ್ ಎಂದು ಹೆಸರು.

ಬಾಸ್ಟನ್ನಿನಲ್ಲಿ ದಂತವೈದ್ಯ ಮಾರ್ಟನ್ ಈಥರನ್ನು ಅರಿವಳಿಕೆಯಾಗಿ ಪ್ರಯೋಗಿಸಿ ತೋರಿಸಿದ್ದು 1846ರಲ್ಲಿ. ಲೂಯಿ ಪಾಶ್ಚರ್ ಟಾರ್ಟರಿಕ್ ಆಮ್ಲದ ಲವಣದ ಹರಳುಗಳನ್ನು ಎಡ, ಬಲ ಎಂದು ಕೈಯಾರೆ ಆರಿಸಿ ಬೇರ್ಪಡಿಸಿದ್ದು 1848ರಲ್ಲಿ. ಎರಡೇ ವರ್ಷಗಳ ಅಂತರವಿದ್ದರೂ ಈ ಎರಡು ಎಳೆಗಳು ಕೂಡಲು ನೂರು ವರ್ಷಕ್ಕೂ ಹೆಚ್ಚು ಬೇಕಾಯಿತು. ಅದಕ್ಕೆ ಕಾರಣವೂ ಇತ್ತು. ಈಥರಿಗಾಗಲಿ ಕ್ಲೋರೋಫಾರ್ಮಿಗಾಗಲಿ ಎಡಬಲವೇ ಇಲ್ಲ. ಮೇಲಾಗಿ 1899ರಲ್ಲಿ ಮೇಯರ್, 1901ರಲ್ಲಿ ಓವರ್ಟನ್, ಅರಿವಳಿಕೆಯ ಶಕ್ತಿ ಆ ವಸ್ತು ಆಲಿವ್ ಎಣ್ಣೆಯಲ್ಲಿ ಎಷ್ಟು ಕರಗುತ್ತದೆ ಎಂಬುದಕ್ಕೆ ಹೊಂದಿಕೊಂಡು ಹೋಗುತ್ತದೆ ಎಂದು ತೋರಿಸಿದ್ದರು. ಔಷಧ ನರಕೋಶದ ಕೊಬ್ಬಿನ ಪೊರೆಯಲ್ಲಿ ಸೇರಿ ಅದನ್ನು ಕದಡುತ್ತದೆ ಎಂಬ ಮಾತು ಬಹುಕಾಲ ನಡೆಯಿತು. ಎಣ್ಣೆಗೆ ಎಡಗೈ ಬಲಗೈಗಳ ಗೊಡವೆ ಏಕೆ?

1984ರಲ್ಲಿ ಲಂಡನ್ನಿನ ನಿಕ್ ಫ್ರಾಂಕ್ಸ್ ಮತ್ತು ಬಿಲ್ ಲೀಬ್ ಮಿಂಚುಹುಳುವಿನ ಲೂಸಿಫೆರೇಸ್ ಎಂಬ ಪ್ರೋಟೀನನ್ನು ಕೈಗೆತ್ತಿಕೊಂಡರು. ಕೊಬ್ಬಿನ ಸುಳಿವೇ ಇಲ್ಲದ ಆ ಪ್ರೋಟೀನನ್ನೂ ಅರಿವಳಿಕೆಗಳು ಎಣ್ಣೆಯ ಲೆಕ್ಕಕ್ಕೆ ಸರಿಯಾಗಿಯೇ ತಡೆದವು. ಅಲ್ಲಿಗೆ ಎಣ್ಣೆಯ ವಾದ ಅಲುಗಾಡಿತು. 1991ರಲ್ಲಿ ಅವರೇ ಐಸೋಫ್ಲುರೇನಿನ ಎರಡು ರೂಪಗಳನ್ನು ಬೇರೆ ಬೇರೆಯಾಗಿ ಕೊಳದ ಬಸವನಹುಳುವಿನ ನರಕೋಶಗಳ ಮೇಲೆ ಹಾಯಿಸಿದರು. ಕೋಶವನ್ನು ಸುಮ್ಮನಾಗಿಸುವ ಪೊಟ್ಯಾಸಿಯಂ ಪ್ರವಾಹವನ್ನು ಎಬ್ಬಿಸುವುದರಲ್ಲಿ ಎಸ್ ರೂಪ ಆರ್ ರೂಪಕ್ಕಿಂತ ಸುಮಾರು ಎರಡು ಪಟ್ಟು ಸಮರ್ಥ. ಕೊಬ್ಬಿನ ಪೊರೆಯನ್ನು ಕದಡುವುದರಲ್ಲಿ ಮಾತ್ರ ಎರಡೂ ಸಮ. ಪೊರೆಯಲ್ಲಿರುವ ಕೊಲೆಸ್ಟರಾಲಿಗೂ ಎಡಬಲ ಉಂಟಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಕೊಲೆಸ್ಟರಾಲ್ ಬೆರೆಸಿದ ಪೊರೆಯಲ್ಲೂ ಎರಡು ರೂಪಗಳು ಒಂದೇ ಪ್ರಮಾಣದಲ್ಲಿ ಸೇರುತ್ತವೆ ಎಂದು ಆಮೇಲೆ ಅಳೆದು ನೋಡಿದರು.

ಆದರೆ ಎರಡು ಪಟ್ಟು ಎಂದರೆ ಎಷ್ಟು? ದೇಹದ ಉಷ್ಣತೆಯಲ್ಲಿ ಅಂಟಿಕೊಳ್ಳುವ ಶಕ್ತಿಯ ವ್ಯತ್ಯಾಸವಾಗಿ ಲೆಕ್ಕ ಹಾಕಿದರೆ ಮೋಲಿಗೆ 1.8 ಕಿಲೋಜೂಲ್. ಹತ್ತು ಪಟ್ಟಿಗೆ ಸುಮಾರು 6. ಐಸೋಫ್ಲುರೇನ್ ಪ್ರೋಟೀನಿನೊಳಗಿನ ತನ್ನ ಗೂಡಿನಲ್ಲಿ ಸಡಿಲವಾಗಿ ಕೂರುತ್ತದೆ, ಹಾಗಾಗಿ ತಪ್ಪು ಕೈಯೂ ಹೇಗೋ ಹೊಂದಿಕೊಳ್ಳುತ್ತದೆ. ಇಷ್ಟು ಸಣ್ಣ ಅಂತರವನ್ನು ಇಡೀ ಪ್ರಾಣಿಯಲ್ಲಿ ಅಳೆಯುವುದು ತಲೆನೋವಿನ ಕೆಲಸ: 1994ರಲ್ಲಿ ಇಲಿಗಳಲ್ಲಿ ಸುಮಾರು ಒಂದೂವರೆ ಪಟ್ಟು ಅಂತರ ಸಿಕ್ಕಿತು, 1997ರಲ್ಲಿ ಮತ್ತೊಂದು ತಂಡಕ್ಕೆ ಅದಕ್ಕಿಂತ ತೀರಾ ಕಡಿಮೆ. ದೊಡ್ಡ ಅಂತರಗಳಲ್ಲಿ ಬೇರೊಂದು ಬಲೆ ಇದೆ. ದುರ್ಬಲ ರೂಪದ ಮಾದರಿಯಲ್ಲಿ ಪ್ರಬಲ ರೂಪ ಶೇ 5 ಬೆರೆತಿದ್ದರೆ, ದುರ್ಬಲ ರೂಪ ಪೂರ್ತಿ ನಿಷ್ಕ್ರಿಯವಾಗಿದ್ದರೂ ಅಂತರ ಇಪ್ಪತ್ತು ಪಟ್ಟು ಮೀರಿ ಕಾಣುವುದೇ ಇಲ್ಲ. ಆದ್ದರಿಂದ ಮೊದಲು ಮಾದರಿಯ ಶುದ್ಧತೆ ಕೇಳಬೇಕು, ಆಮೇಲೆ ಫಲಿತಾಂಶ.

ಬಿಗಿಯಾಗಿ ಕೂರುವ ಅಣುಗಳ ಕಥೆ ಬೇರೆ. ರಕ್ತನಾಳಕ್ಕೆ ಚುಚ್ಚುವ ಅರಿವಳಿಕೆ ಎಟೋಮಿಡೇಟಿನ ಆರ್ ರೂಪ ಎಸ್ ರೂಪಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು ಪ್ರಬಲ. ಅದಕ್ಕೇ ಅದು ಬಳಕೆಗೆ ಬಂದದ್ದೇ ಒಂಟಿ ರೂಪದಲ್ಲಿ. ಅದರ ಮುಖ್ಯ ಗುರಿ, ನರಕೋಶವನ್ನು ಸುಮ್ಮನಾಗಿಸುವ ಗಾಬಾ-ಎ ಗ್ರಾಹಕ ಎಂಬ ಪ್ರೋಟೀನು. ಆ ಗ್ರಾಹಕದ ಬೀಟಾ-3 ಘಟಕದ 265ನೇ ಜಾಗದಲ್ಲಿ ಆಸ್ಪ್ಯಾರಜೀನ್ ಎಂಬ ಅಮೈನೋ ಆಮ್ಲದ ಬದಲು ಮೆಥಿಯೋನಿನ್ ಇಟ್ಟ ಸುಂಡಿಲಿಗಳಲ್ಲಿ, ನೋವಿಗೆ ಮೈ ಅಲುಗದಂತೆ ಮಾಡುವ ಎಟೋಮಿಡೇಟಿನ ಗುಣ ಮಾಯವಾಯಿತು ಎಂದು 2003ರಲ್ಲಿ ವರದಿಯಾಯಿತು.

ಹೆಸರುಗಳಲ್ಲಿ ಎಡವುವವರು ಬಹಳ. ಆರ್, ಎಸ್ ಎಂಬುದು ಪರಮಾಣುಗಳ ಜೋಡಣೆಯ ನಿಯಮ. ಪ್ಲಸ್, ಮೈನಸ್ ಎಂಬುದು ಬೆಳಕಿನ ಧ್ರುವೀಕರಣ ತಿರುಗುವ ದಿಕ್ಕು. ಚುಚ್ಚುಮದ್ದಿನ ಅರಿವಳಿಕೆಗಳಲ್ಲೇ ನೋಡಿ: ಕೆಟಮಿನಿನಲ್ಲಿ ಪ್ರಬಲ ರೂಪ ಎಸ್ ಪ್ಲಸ್, ಥಯೋಪೆಂಟಾಲಿನಲ್ಲಿ ಎಸ್ ಮೈನಸ್, ಎಟೋಮಿಡೇಟಿನಲ್ಲಿ ಆರ್ ಪ್ಲಸ್. ಒಂದನ್ನು ನೋಡಿ ಇನ್ನೊಂದನ್ನು ಊಹಿಸುವಂತಿಲ್ಲ.

ರೋಗಿಯ ಮಟ್ಟಿಗೆ ಈ ವ್ಯತ್ಯಾಸ ನೇರವಾಗಿ ತಟ್ಟುವುದು ಕೆಟಮಿನಿನಲ್ಲಿ. 1962ರಲ್ಲಿ ತಯಾರಾದ ಈ ಔಷಧ ದಶಕಗಳ ಕಾಲ ಸಮಪಾಲು ಮಿಶ್ರಣವಾಗಿಯೇ ಸಿಗುತ್ತಿತ್ತು. ಕೆಟಮಿನಿನ ಗುರಿಯಾದ ಎನ್‌ಎಂಡಿಎ ಗ್ರಾಹಕಕ್ಕೆ ಎಸ್ ರೂಪ ಆರ್ ರೂಪಕ್ಕಿಂತ ಮೂರು ನಾಲ್ಕು ಪಟ್ಟು ಗಟ್ಟಿಯಾಗಿ ಅಂಟುತ್ತದೆ. ಅರಿವಳಿಕೆಗೆ ಬರೀ ಎಸ್ ರೂಪವಾದರೆ ಮಿಶ್ರಣದ ಅರ್ಧ ಪ್ರಮಾಣ ಸಾಕು. 70 ಕಿಲೋ ತೂಕದವರಿಗೆ ರಕ್ತನಾಳದ ಮೂಲಕ ಮಿಶ್ರಣ 140 ಮಿಲಿಗ್ರಾಂ ಆದರೆ, ಎಸ್ ರೂಪ 70. ಮಿಶ್ರಣದ ಲೆಕ್ಕ ಹಾಕಿ ಎಸ್ ರೂಪದ ಸೀಸೆಯಿಂದ ಎಳೆದರೆ ಕೊಟ್ಟದ್ದು ದುಪ್ಪಟ್ಟು: ಎಚ್ಚರ ತಡವಾಗುತ್ತದೆ, ಭ್ರಮೆ ಹೆಚ್ಚುತ್ತದೆ, ವೇಗವಾಗಿ ಚುಚ್ಚಿದರೆ ಉಸಿರು ಸ್ವಲ್ಪ ಹೊತ್ತು ನಿಲ್ಲಲೂಬಹುದು. ತಪ್ಪು ತಿರುಗುಮುರುಗಾದರೆ ಕತ್ತಿ ತಾಗುತ್ತಲೇ ರೋಗಿ ಮೈ ಅಲುಗಿಸುತ್ತಾರೆ. ಸಿರಿಂಜಿನ ಚೀಟಿಯ ಮೇಲೆ ಬರೀ ಕೆಟಮಿನ್ ಎಂದು ಬರೆದರೆ ಸಾಲದು.

ಪ್ರೊಪೊಫಾಲ್, ಸೆವೊಫ್ಲುರೇನ್, ಕ್ಸೆನಾನ್ ಎಂಬ ಅರಿವಳಿಕೆಗಳಿಗೆ ಎಡಬಲವಿಲ್ಲ, ಆದರೂ ಚೆನ್ನಾಗಿಯೇ ಅರಿವು ತಪ್ಪಿಸುತ್ತವೆ. ಐಸೋಫ್ಲುರೇನ್ ಇವತ್ತಿಗೂ ಮಿಶ್ರಣವಾಗಿಯೇ ಮಾರಾಟವಾಗುತ್ತದೆ. ಎರಡನ್ನು ಬೇರ್ಪಡಿಸುವ ಖರ್ಚಿನಿಂದ ಸಿಗುವ ಲಾಭವಾದರೂ, ವೇಪರೈಸರಿನ ಗುಂಡಿಯನ್ನು ಒಂದಿಷ್ಟು ತಿರುಗಿಸಿದರೆ ಸಿಗುವಷ್ಟೇ.