ಹೆಸರು ಮುಚ್ಚಿಟ್ಟರೂ ಆಳು ಗೊತ್ತಾಗುವುದು ಹೇಗೆ: ವಿಸಲ್‌ಬ್ಲೋವರ್ ರಕ್ಷಣೆ ಕುರಿತ ಟಿಪ್ಪಣಿ

ವಿಸಲ್‌ಬ್ಲೋವರ್ ಅಂದರೆ ತಾನು ಕೆಲಸ ಮಾಡುವ ಕಡೆ ನಡೆಯುವ ಅಕ್ರಮದ ಬಗ್ಗೆ ದೂರು ಕೊಡುವವರು. ಒಂದು ಮಾತು ಮಾತ್ರ ನೆನಪಿರಲಿ. ನನಗೆ ಬಡ್ತಿ ಕೊಟ್ಟಿಲ್ಲ ಅನ್ನೋದು ಸ್ವಂತ ಅಹವಾಲು. ಕಂಪನಿಯಲ್ಲಿ ಸುಳ್ಳು ಲೆಕ್ಕ ಬರೆಯುತ್ತಿದ್ದಾರೆ ಅನ್ನೋದು ಅಕ್ರಮದ ದೂರು. ನಾವು ಓದುತ್ತಿರುವುದು ಎರಡನೆಯದರ ಬಗ್ಗೆ.

ನಾನು ಎಡವಿದ ಜಾಗ

ಗೌಪ್ಯ ದೂರು, ಅನಾಮಧೇಯ ದೂರು ಎರಡೂ ಒಂದೇ ಅಂದುಕೊಂಡಿದ್ದೆ. ಮಾದರಿ ಪರೀಕ್ಷೆಯಲ್ಲಿ ಅಂಕ ಹೋದ ಮೇಲೆ ಕೂತು ಸರಿಯಾಗಿ ಓದಿದೆ.

ಗೌಪ್ಯ ದೂರಿನಲ್ಲಿ ಹೆಸರು ಇರುತ್ತದೆ. ದೂರು ತೆಗೆದುಕೊಂಡವರಿಗೆ ಅದು ಗೊತ್ತು, ಬೇರೆಯವರಿಗೆ ಹೇಳುವಂತಿಲ್ಲ. ಅನಾಮಧೇಯ ದೂರಿನಲ್ಲಿ ಹೆಸರೇ ಇಲ್ಲ. ಮೂಗರ್ಜಿ ಅಂತೀವಲ್ಲ, ಅದೇ. ಇಲ್ಲಿಯವರೆಗೆ ಸುಲಭ. ನನಗೆ ಹೊಳೆಯದೇ ಇದ್ದದ್ದು ಇದು: ಹೆಸರು ಹೇಳದೆಯೇ ಆಳು ಗೊತ್ತಾಗಿಬಿಡಬಹುದು.

ಒಂದು ಉದಾಹರಣೆ ಕಟ್ಟಿಕೊಂಡು ನೋಡಿದೆ. ಗೋದಾಮಿಗೆ ಬಂದದ್ದು 40 ಚೀಲ, ಬಿಲ್ಲಿನಲ್ಲಿ ಇರುವುದು 60. ಆ ಬಿಲ್ಲು ನೋಡಿದವರು ಮೂರೇ ಜನ. ಸಹಿ ಹಾಕಿದ ಮ್ಯಾನೇಜರ್, ಹಣ ಕೊಟ್ಟ ಅಕೌಂಟೆಂಟ್, ಚೀಲ ಎಣಿಸಿದ ಗುಮಾಸ್ತೆ. ಗುಮಾಸ್ತೆ ಗೌಪ್ಯವಾಗಿ ದೂರು ಕೊಟ್ಟಳು. ತನಿಖೆಗೆ ಬಂದವರು ಬಾಗಿಲಲ್ಲೇ "ಆ 60 ಚೀಲದ ಬಿಲ್ಲು ಕೊಡಿ" ಅಂದರು. ಮುಗೀತು. ಮ್ಯಾನೇಜರ್ ಯಾರನ್ನೂ ಏನೂ ಕೇಳಬೇಕಾಗಿಲ್ಲ. ಎಣಿಸಿದವಳು ಒಬ್ಬಳೇ ಅಲ್ವಾ?

ಇದನ್ನು ತಪ್ಪಿಸೋಕೆ ತನಿಖೆ ಮಾಡುವವರು ಇಡೀ ವರ್ಷದ ಬಿಲ್ಲುಗಳನ್ನು ತರಿಸಿಕೊಳ್ಳಬೇಕು, ಬೇರೆ ಗೋದಾಮುಗಳದ್ದೂ ಸೇರಿಸಿ. ಆಗ ಅದು ಮಾಮೂಲಿ ಆಡಿಟ್ ಥರ ಕಾಣುತ್ತದೆ. ಕೆಲಸ ಜಾಸ್ತಿ, ನಿಜ. ಆದರೆ ಆ ಗುಮಾಸ್ತೆಯನ್ನು ಕಾಪಾಡುವುದು ಈ ಕೆಲಸವೇ. ದೂರಿನ ಪ್ರತಿಯನ್ನು ಇನ್ನೊಬ್ಬರಿಗೆ ಕಳಿಸುವಾಗಲೂ ಹೀಗೇ ಯೋಚಿಸಬೇಕು. ಮೇಲಿನ ಹೆಸರು ಅಳಿಸಿ, ಒಳಗೆ "ನಾನು ಎಣಿಸಿದಾಗ" ಅನ್ನೋ ಸಾಲು ಹಾಗೇ ಬಿಟ್ಟರೆ ಏನು ಉಪಯೋಗ?

ಹಾಗಾದರೆ ಮೂಗರ್ಜಿಯೇ ವಾಸಿಯಾ? ಅದರಲ್ಲೂ ಇದೇ ಸುಳಿವು ಇರುತ್ತದೆ. ಜೊತೆಗೆ, ತನಿಖೆ ಮಾಡುವವರು ವಾಪಸ್ ಒಂದು ಪ್ರಶ್ನೆ ಕೇಳೋಣ ಅಂದರೆ ವಿಳಾಸವೇ ಇಲ್ಲ. ಹೆಸರಿಲ್ಲದೆಯೇ ಉತ್ತರ ಕೊಡಬಹುದಾದ ಆನ್‌ಲೈನ್ ವ್ಯವಸ್ಥೆ ಇದ್ದರೆ ಈ ತೊಂದರೆ ಕಡಿಮೆ.

ಕಾನೂನುಗಳೂ ಇದರಲ್ಲಿ ಒಂದೇ ಥರ ಇಲ್ಲ. ಸರ್ಕಾರಿ ನೌಕರರ ಮೇಲಿನ ದೂರುಗಳಿಗಾಗಿ ಭಾರತ ಮಾಡಿದ 2014ರ ಕಾಯ್ದೆಯ ಪ್ರಕಾರ, ಯಾರು ಕೊಟ್ಟದ್ದೆಂದು ತಿಳಿಸದ ದೂರಿನ ಮೇಲೆ ಕ್ರಮ ಇಲ್ಲ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ ಮೂಗರ್ಜಿ ಸ್ವೀಕರಿಸುವ ವಿಷಯವನ್ನು ಆಯಾ ದೇಶಕ್ಕೆ ಬಿಟ್ಟಿದೆ. ಆದರೆ ಬರೆದವರು ಆಮೇಲೆ ಪತ್ತೆಯಾಗಿ ಕಿರುಕುಳ ಅನುಭವಿಸಿದರೆ, ಉಳಿದ ಷರತ್ತುಗಳು ಸರಿಯಿದ್ದಲ್ಲಿ ಅವರಿಗೂ ರಕ್ಷಣೆ ಉಂಟು.

ನನ್ನ ಸೂತ್ರ: 50-7-3

ಇದೂ ಯುರೋಪಿನದೇ. 50 ಅಥವಾ ಹೆಚ್ಚು ಕೆಲಸಗಾರರಿರುವ ಕಂಪನಿ ದೂರಿಗೆ ಒಳಗೇ ಒಂದು ದಾರಿ ಮಾಡಿಕೊಡಬೇಕು. ದೂರು ತಲುಪಿತು ಅಂತ 7 ದಿನದೊಳಗೆ ತಿಳಿಸಬೇಕು. ಅಲ್ಲಿಂದ 3 ತಿಂಗಳೊಳಗೆ ಏನು ಮಾಡಿದಿರಿ ಅಂತ ಹೇಳಬೇಕು.

ಪ್ರೋತ್ಸಾಹ

ಅಮೆರಿಕದಲ್ಲಿ ಹಣದ ಬಹುಮಾನವೇ ಇದೆ. 2010ರ ಡಾಡ್-ಫ್ರಾಂಕ್ ಕಾಯ್ದೆ ಪ್ರಕಾರ, ಷೇರುಪೇಟೆ ಅಕ್ರಮದಲ್ಲಿ ದಂಡ 10 ಲಕ್ಷ ಡಾಲರ್ ದಾಟಿದರೆ ವಸೂಲಾದ ಹಣದಲ್ಲಿ ಶೇ 10ರಿಂದ 30ರಷ್ಟು ಮಾಹಿತಿ ಕೊಟ್ಟವರಿಗೆ ಹೋಗುತ್ತದೆ. ನನಗೇನೋ ಮೇಲಿನ 7 ಮತ್ತು 3 ಇದಕ್ಕಿಂತ ಮುಖ್ಯ ಅನ್ನಿಸುತ್ತದೆ. ಹೇಳಿದರೂ ಯಾರೂ ಕೇಳಲ್ಲ ಅನ್ನಿಸಿದ ಕಡೆ ಜನ ಸುಮ್ನೆ ಇದ್ದುಬಿಡುತ್ತಾರೆ. ಉತ್ತರ ಬಂದ ಕಡೆ ಇನ್ನೊಬ್ಬರೂ ಬಾಯಿ ಬಿಡುತ್ತಾರೆ.

ಬಿಡಿಸಿ ನೋಡಿ

ದೂರು ಕೊಟ್ಟ ಎರಡು ತಿಂಗಳಿಗೆ ಆ ಗುಮಾಸ್ತೆಯನ್ನು ರಾತ್ರಿ ಪಾಳಿಗೆ ಹಾಕಿದರು. ಚೀಲಗಳೆಲ್ಲ ಲೆಕ್ಕಕ್ಕೆ ಸರಿಯಾಗಿವೆ, 20 ಚೀಲ ಇನ್ನೊಂದು ಗೋದಾಮಿಗೆ ಇಳಿದಿದ್ದವು ಅಂತಲೂ ಗೊತ್ತಾಯಿತು. ಅವಳಿಗೆ ರಕ್ಷಣೆ ಇದೆಯಾ? ಪಾಳಿ ಬದಲಾದದ್ದು ಸೇಡಿಗೆ ಅಂತ ಯಾರು ಸಾಬೀತು ಮಾಡಬೇಕು?

ಯುರೋಪಿನ ನಿಯಮದಂತೆ ರಕ್ಷಣೆ ಇದೆ. ದೂರು ಕೊಡುವಾಗ ಅದು ನಿಜ ಅಂತ ನಂಬಲು ಅವಳಿಗೆ ತಕ್ಕ ಕಾರಣ ಇತ್ತು, 40 ಚೀಲ ಎಣಿಸಿದ್ದಳು. ಸೇಡು ಅಂತ ಅವಳು ಸಾಬೀತು ಮಾಡಬೇಕಿಲ್ಲ. ದೂರು ಕೊಟ್ಟೆ, ಆಮೇಲೆ ತೊಂದರೆ ಆಯಿತು ಅಂತ ತೋರಿಸಿದರೆ ಸಾಕು. ಪಾಳಿ ಬದಲಿಸಿದ್ದಕ್ಕೆ ಬೇರೆ ಸರಿಯಾದ ಕಾರಣ ಇತ್ತು ಅಂತ ಸಾಬೀತು ಮಾಡುವ ಹೊರೆ ಬದಲಿಸಿದವರದ್ದು.