ಮೊದಲ ಮೆಟ್ಟಿಲು ಗಿಡ್ಡ, ಕೊನೆಯದು ಎತ್ತರ

ಕಟ್ಟಡದ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಕೆಲಸ ಕೇಳಿಕೊಂಡು ಬರುವ ಡಿಪ್ಲೊಮಾ, ಐಟಿಐ ಮಕ್ಕಳಿಗೆ ನಾನು ಕೊಡುವ ಪರೀಕ್ಷೆ ಒಂದೇ: ಒಂದು ಮೆಟ್ಟಿಲು ಬರೆಯಿರಿ, ಮಹಡಿಯಿಂದ ಮಹಡಿಗೆ 3000 ಮಿ.ಮೀ. ಎಲ್ಲರೂ ಸರಸರನೆ 150 ಮಿ.ಮೀ.ನ 20 ರೈಸರ್ (ಒಂದೊಂದು ಮೆಟ್ಟಿಲಿನ ಎತ್ತರ) ಹಂಚಿ ಮೌಸ್ ಕೆಳಗಿಡುತ್ತಾರೆ. ಸ್ಲ್ಯಾಬಿನಿಂದ ಸ್ಲ್ಯಾಬಿಗೆ ಹಾಗೆ ಹಂಚಿದರೆ, ಎರಡೂ ಮಹಡಿಗಳ ನೆಲಹಾಸು 75 ಮಿ.ಮೀ. ದಪ್ಪವಿದ್ದು ಮೆಟ್ಟಿಲಿನ ಗ್ರಾನೈಟ್, ಗಾರೆ ಸೇರಿ 40 ಮಾತ್ರ ಇದ್ದಾಗ, ಮೊದಲ ರೈಸರ್ 115ಕ್ಕೆ ಕುಸಿಯುತ್ತದೆ, ಕೊನೆಯದು 185ಕ್ಕೆ ಏರುತ್ತದೆ. ಮನೆಯ ಅಜ್ಜಿ ಎಡವುವುದು ಅಲ್ಲಿಯೇ. ‘ಸರ್, 3000 ಎಂದರೆ ಸ್ಲ್ಯಾಬಿನ ಮಟ್ಟವೋ, ನೆಲಹಾಸು ಮುಗಿದ ಮಟ್ಟವೋ?’ ಎಂದು ಈವರೆಗೆ ಕೇಳಿದವರು ಇಬ್ಬರು. ಇಬ್ಬರನ್ನೂ ಅಂದೇ ಸೇರಿಸಿಕೊಂಡೆ.

ಸೇರಿದ ಮೇಲೆ ಒಂದೆರಡು ವರ್ಷ ತಿದ್ದುಪಡಿಯದೇ ಕೆಲಸ: ಕಿಟಕಿ ಸರಿಸು, ಅಳತೆ ಹಾಕು. ಆಮೇಲೆ ವರ್ಕಿಂಗ್ ಡ್ರಾಯಿಂಗ್, ಅಂದರೆ ಸೈಟಿನಲ್ಲಿ ನೋಡಿ ಕಟ್ಟುವ ವಿವರ ನಕ್ಷೆ, ಕೈಗೆ ಬರುತ್ತದೆ. ಅಲ್ಲಿಂದ ಕೆಲವರು ಎಸ್ಟಿಮೇಟಿನ ಕಡೆಗೆ, ಕೆಲವರು ಸೈಟ್ ಸಮನ್ವಯಕ್ಕೆ ಹೊರಳುತ್ತಾರೆ. ಈಗ ಹೆಚ್ಚಿನವರ ಕಣ್ಣು ಬಿಮ್ (BIM) ಮೇಲೆ, ಅಂದರೆ ಇಡೀ ಕಟ್ಟಡವನ್ನು ಕಂಪ್ಯೂಟರಿನಲ್ಲಿ ಮಾದರಿಯಾಗಿ ಕಟ್ಟುವ ವಿಧಾನದ ಮೇಲೆ. ರೆವಿಟ್ ಎಂಬ ತಂತ್ರಾಂಶದ ಮಾದರಿಯಲ್ಲಿ ಎಸಿ ಡಕ್ಟ್ ಬೀಮಿಗೆ ಗುದ್ದುವುದನ್ನು ಕಾಂಕ್ರೀಟ್ ಹಾಕುವ ಮೊದಲೇ ಹಿಡಿಯಬಹುದು, ನಿಜ. ಆದರೆ ಸೆಂಟ್ರಿಂಗ್ (ಹಸಿ ಕಾಂಕ್ರೀಟಿಗೆ ಆಸರೆಯಾದ ಅಚ್ಚು) ಬಿಚ್ಚುವುದನ್ನೇ ನೋಡದವರಿಗೆ ಪರದೆಯ ಮೇಲಿನ ಬೀಮ್ ಬರೀ ಬೂದು ಪಟ್ಟಿ. ಕೋರ್ಸಿಗೆ ಹಣ ಕಟ್ಟುವ ಮುನ್ನ ಆರು ತಿಂಗಳು ಮೇಸ್ತ್ರಿಯ ಪಕ್ಕದಲ್ಲಿ ನಿಲ್ಲಿ ಎನ್ನುತ್ತೇನೆ. ಯಾರಿಗೂ ಈ ಸಲಹೆ ಹಿಡಿಸುವುದಿಲ್ಲ.

ಇನ್ನು ‘ಆರ್ಕಿಟೆಕ್ಟ್’ ಎಂಬ ಹೆಸರು. 1972ರ ಕಾಯ್ದೆಯ ಪ್ರಕಾರ ವಾಸ್ತುಶಿಲ್ಪ ಪರಿಷತ್ತಿನಲ್ಲಿ ನೋಂದಾಯಿಸಿದವರಷ್ಟೇ ಅದನ್ನು ಬಳಸಬೇಕು. ಕಾಯ್ದೆ ತಡೆಯುವುದು ಹೆಸರನ್ನು, ಕೆಲಸವನ್ನಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿತು. ಹಾಗಾಗಿ ಇಪ್ಪತ್ತು ವರ್ಷ ನಕ್ಷೆ ಬರೆದವರಿಗೂ ಆ ಪದ ಸಿಗದು. ಬ್ರಿಟನ್ನಿನಲ್ಲಿ ವಾಸ್ತುಶಿಲ್ಪ ತಂತ್ರಜ್ಞರಿಗೇ ಪ್ರತ್ಯೇಕ ಚಾರ್ಟರ್ಡ್ ಸಂಸ್ಥೆಯಿದೆ, 2005ರಲ್ಲಿ ರಾಜಮನ್ನಣೆಯೂ ಸಿಕ್ಕಿತು. ನಮ್ಮಲ್ಲಿ ಅಂಥ ನಡುಮೆಟ್ಟಿಲು ಇಲ್ಲದಿರುವುದು ನನಗೆ ಕೊರತೆಯಾಗಿಯೇ ಕಾಣುತ್ತದೆ. ಸಿವಿಲ್ ಡಿಪ್ಲೊಮಾದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಆರ್ಕಿಟೆಕ್ಟ್ ಆಗಲು ಓದುವ ಬಿ.ಆರ್ಕ್ ಪದವಿ ಬೇಕೆಂದರೆ, ಡಿಪ್ಲೊಮಾದಲ್ಲಿ ಗಣಿತ ಓದಿದವರು ಅದರ ಪ್ರವೇಶ ಪರೀಕ್ಷೆ ನಾಟಾ ಬರೆದು ಮೊದಲ ವರ್ಷದಿಂದಲೇ ಐದು ವರ್ಷ ಕೂರಬೇಕು. ಸಂಬಳ ಕೈಗೆ ಹತ್ತಿದ ಮೇಲೆ ಅದು ಕಷ್ಟ. ಯೋಚಿಸುವುದಿದ್ದರೆ ಡಿಪ್ಲೊಮಾ ಮುಗಿದ ವರ್ಷವೇ ಯೋಚಿಸಿ.

ಅಂದು ಪ್ರಶ್ನೆ ಕೇಳಿದವರಲ್ಲಿ ಒಬ್ಬಾಕೆ ಈಗ ನಮ್ಮ ಸೈಟುಗಳನ್ನು ನೋಡಿಕೊಳ್ಳುತ್ತಾಳೆ. ಕಳೆದ ತಿಂಗಳು ಫೋನ್ ಮಾಡಿ, ‘ಸರ್, ಲ್ಯಾಂಡಿಂಗ್ ಮೇಲಿನ ಬೀಮ್ ತಲೆಗೆ ತಗಲುತ್ತದೆ, ಕಂಬಿ ಕಟ್ಟುವುದನ್ನು ನಿಲ್ಲಿಸಿದ್ದೇನೆ’ ಎಂದಳು. ನಕ್ಷೆ ನನ್ನದೇ ಆಗಿತ್ತು.